ಫ್ರಿಜ್ಜಿನೊಳಗಿನ ದುಂಬಿ

ಕಳೆದ ಚಳಿಗಾಲದಲ್ಲಿ ನಮ್ಮ ಪೇಟೆಯ ಕಾಲೇಜೊಂದರಲ್ಲಿ ವನ್ಯಜೀವಿ ಛಾಯಾಚಿತ್ರಗಳ ಪ್ರದರ್ಶನ ನಡೆಯಿತು. ಹುಲಿ, ಕಾಡುಕೋಣ, ಮಂಗಟ್ಟೆ ಹಕ್ಕಿಗಳ ಸಾಲಿನ ಕೊನೆಯಲ್ಲಿದ್ದ ಒಂದು ಚಿತ್ರದ ಮುಂದೆ ಮಾತ್ರ ಜನ ಕದಲದೆ ನಿಂತಿದ್ದರು. ಅಕ್ಕಿಕಾಳಿನಷ್ಟು ಉದ್ದದ ಮೂತಿಹುಳುವೊಂದರ ಮುಖವನ್ನು ಬಾಗಿಲಿನಷ್ಟು ಅಗಲಕ್ಕೆ ಹಿಗ್ಗಿಸಿ ತೂಗುಹಾಕಲಾಗಿತ್ತು. ಜೇನುಹಲ್ಲೆಯ ಕೋಣೆಗಳಂತೆ ಒತ್ತೊತ್ತಾಗಿ ಕೂತ ಕಣ್ಣಿನ ಹರಳುಗಳು, ಮೂತಿಯ ಮೇಲೆ ಮೀನಿನ ಹುರುಪೆಯಂತೆ ಹಾಸಿದ್ದ ಹಸಿರು, ಮೀಸೆಯ ಮೇಲಿನ ಒಂದೊಂದು ರೋಮ ಎಲ್ಲವೂ ಅಂಚಿನಿಂದ ಅಂಚಿಗೆ ಸ್ಪಷ್ಟವಾಗಿದ್ದವು. ನಾನೂ ಬೆರಗಾಗಿ ನಿಂತೆ. ಸುಳ್ಳೇಕೆ ಹೇಳಲಿ, ಅಷ್ಟು ಸುಂದರವಾದ ಹುಳದ ಚಿತ್ರವನ್ನು ನಾನು ನೋಡಿದ್ದು ಕಡಿಮೆ.

ಚಿತ್ರ ತೆಗೆದ ಯುವಕ ಅಲ್ಲೇ ಇದ್ದ. ನಮ್ಮದೇ ಸೀಮೆಯವನು, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ಹುಳ ಎಲ್ಲಿ ಸಿಕ್ಕಿತು ಎಂದು ಕೇಳಿದೆ.

"ಎಲ್ಲಿ ಎಂದು ಈಗ ನೆನಪಿಲ್ಲ ಸರ್. ಡಬ್ಬಿಯಲ್ಲಿ ಹಿಡಿದಿಟ್ಟಿದ್ದೆ."

"ಯಾವ ಗಿಡದ ಮೇಲೆ ಇತ್ತು?"

"ಅದೂ ಗೊತ್ತಿಲ್ಲ ಸರ್."

"ಜೀವ ಇತ್ತೇ?"

ಅವನು ಮುಚ್ಚಿಡಲಿಲ್ಲ. "ಜೀವ ಇದ್ದರೆ ಇಂಥ ಚಿತ್ರ ಬರುವುದಿಲ್ಲ ಸರ್. ಎರಡು ದಿನ ಫ್ರೀಜರಿನಲ್ಲಿಟ್ಟು, ಬ್ರಷ್ಷಿನಿಂದ ಧೂಳು ತೆಗೆದು, ಸೂಜಿಯ ತುದಿಗೆ ಅಂಟಿಸಿ ತೆಗೆದದ್ದು. ನೂರ ನಲವತ್ತು ಚಿತ್ರಗಳನ್ನು ಸೇರಿಸಿ ಒಂದು ಮಾಡಿದ್ದೇನೆ." ನನ್ನ ಮುಖ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ಒಂದು ಹುಳ ಅಲ್ಲವೇ ಸರ್?"

ಚಿತ್ರದ ಕೆಳಗಿನ ಪಟ್ಟಿಯಲ್ಲಿ ಅವನ ಹೆಸರಿತ್ತು, ಕ್ಯಾಮೆರಾದ ಹೆಸರಿತ್ತು. ಹುಳದ ಹೆಸರಿರಲಿಲ್ಲ, ಊರಿನ ಹೆಸರಿರಲಿಲ್ಲ, ಅದು ಸತ್ತಿತ್ತು ಎಂಬುದಂತೂ ಇರಲಿಲ್ಲ.

ಅವನ ಪ್ರಶ್ನೆಗೆ ನಾನು ಅಂದು ಉತ್ತರ ಕೊಡಲಿಲ್ಲ. ಕೊಡಲು ನನಗೆ ಅಧಿಕಾರವಿದೆಯೇ ಎಂಬ ಅನುಮಾನ ಕಾಡಿತು. ಏಕೆಂದರೆ ಅದೇ ಕೆಲಸವನ್ನು ನಾನೂ ಮಾಡಿದವನು.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನನ್ನ ಬಳಿ ಫಿಲ್ಮ್ ಹಾಕುವ ಹಳೆಯ ಕ್ಯಾಮೆರಾ ಇತ್ತು. ಅದರ 50 ಮಿ.ಮೀ. ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ ಜೋಡಿಸಲು ಒಂದು ಉಂಗುರವಿತ್ತು. ಹೀಗೆ ತಿರುಗಿಸಿದ ಲೆನ್ಸು ಬಡವರ ಸೂಕ್ಷ್ಮದರ್ಶಕ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಿತ್ತಲಿನ ಗೆಣಸಿನ ಬಳ್ಳಿಯಲ್ಲಿ ಒಂದು ಹುಳ ಕಾಣಿಸಿಕೊಳ್ಳುತ್ತಿತ್ತು. ಆಮೆಯ ಚಿಪ್ಪಿನಂಥ ಮೈ, ಚಿಪ್ಪಿನ ಅಂಚು ಗಾಜಿನಂತೆ ಪಾರದರ್ಶಕ, ನಡುವೆ ಅಕ್ಕಸಾಲಿ ಆಗಷ್ಟೇ ಒಪ್ಪವಿಟ್ಟಂಥ ಬಂಗಾರ. ಮಕ್ಕಳು ಅದನ್ನು ಬಂಗಾರದ ಹುಳ ಎನ್ನುತ್ತಿದ್ದರು. ಇಂಗ್ಲಿಷಿನವರು ಈ ಗುಂಪಿಗೆ ಇಟ್ಟ ಹೆಸರಿನ ಅರ್ಥ ಆಮೆದುಂಬಿ ಎಂದು. ಅದರ ಚಿತ್ರ ತೆಗೆಯಬೇಕೆಂದು ನಾನು ಒಂದು ವಾರ ಬಳ್ಳಿಯ ಪಕ್ಕ ಮಂಡಿಯೂರಿ ಕುಳಿತೆ. ಹತ್ತಿರ ಹೋದರೆ ಎಲೆಯ ಅಡಿಗೆ ಸರಿಯುತ್ತಿತ್ತು, ಇನ್ನೂ ಹತ್ತಿರ ಹೋದರೆ ಹಾರುತ್ತಿತ್ತು. ಮೂವತ್ತಾರು ಚಿತ್ರಗಳ ಒಂದು ಫಿಲ್ಮ್ ಸುರುಳಿ ಬರಿಯ ಎಲೆಗಳ ಚಿತ್ರಗಳಲ್ಲೇ ಮುಗಿಯಿತು.

ಹುಳವನ್ನು ತುಸು ತಣ್ಣಗಾಗಿಸಿದರೆ ಅಲುಗದೆ ಕೂರುತ್ತದೆ ಎಂದು ಯಾರೋ ಹೇಳಿದ್ದರು. ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಫ್ರಿಜ್ಜಿನ ಮೇಲಿನ ಅರೆಯಲ್ಲಿ, ಮಂಜುಗಡ್ಡೆಯ ಜಾಗದಲ್ಲಿ ಇಟ್ಟೆ. ಐದು ನಿಮಿಷ ಬಿಟ್ಟು ತೆಗೆಯುವುದೆಂದು ಎಣಿಕೆ. ಅಷ್ಟರಲ್ಲಿ ಕೊನೆಗೌಡ ಬಂದ, ತೋಟಕ್ಕೆ ಹೋದೆ, ಸಂಜೆಯಾದ ಮೇಲೆ ಅಡಿಕೆ ಸುಲಿಯುವ ಗಡಿಬಿಡಿ. ಬೆಂಕಿಪೆಟ್ಟಿಗೆ ನೆನಪಾದದ್ದು ಮರುದಿನ ಬೆಳಿಗ್ಗೆ. ಹುಳ ಸತ್ತಿತ್ತು. ಸತ್ತರೇನು, ಈಗ ಅಲುಗುವುದಿಲ್ಲವಲ್ಲ ಎಂದುಕೊಂಡು ಎಲೆಯ ಮೇಲಿಟ್ಟು ಒಂದಿಷ್ಟು ಚಿತ್ರ ತೆಗೆದೆ. ಆದರೆ ನೋಡನೋಡುತ್ತ ಹೊನ್ನು ಮಾಸತೊಡಗಿತು. ಮೂರನೆಯ ದಿನಕ್ಕೆ ಅದು ಒಣಗಿದ ಅಡಿಕೆ ಸಿಪ್ಪೆಯ ಬಣ್ಣದ ಒಂದು ಚೂರು. ಕಿಟಕಿಯ ದಂಡೆಯ ಮೇಲಿದ್ದ ಅದನ್ನು ನೋಡಿ ನನ್ನ ತಾಯಿ ಕೇಳಿದ್ದು ಇಷ್ಟೆ: "ಇದಕ್ಕೆ ಬಂಗಾರ ಇತ್ತಲ್ಲ, ಅದನ್ನು ಎಲ್ಲಿ ಹಾಕಿದೆ?"

ಬಂಗಾರ ಎಲ್ಲಿ ಹೋಯಿತೆಂಬುದನ್ನು ನಾನು ತಿಳಿದುಕೊಂಡದ್ದು ಬಹಳ ತಡವಾಗಿ. ಆಮೆದುಂಬಿಯ ಹೊನ್ನು ಯಾವುದೇ ವರ್ಣದ್ರವ್ಯದಿಂದ ಬಂದದ್ದಲ್ಲ. ಅದರ ಹೊರಕವಚದಲ್ಲಿ ಅತ್ಯಂತ ತೆಳುವಾದ ಪದರಗಳು ಒಂದರ ಮೇಲೊಂದು ಕೂತಿವೆ. ಜೀವವಿರುವಷ್ಟು ಕಾಲ ಅವು ತೇವವಾಗಿರುತ್ತವೆ. ಬೇರೆಬೇರೆ ಪದರಗಳಿಗೆ ತಾಗಿ ಹಿಂದಿರುಗುವ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿಕೊಂಡು ನಮ್ಮ ಕಣ್ಣಿಗೆ ಹೊನ್ನಾಗಿ ಕಾಣುತ್ತವೆ. ಹುಳ ಸತ್ತು ತೇವ ಆರಿದೊಡನೆ ಪದರಗಳ ದಪ್ಪ ಬದಲಾಗುತ್ತದೆ, ಬೆಳಕಿನ ಆ ಹೊಂದಾಣಿಕೆ ತಪ್ಪುತ್ತದೆ. ಎಲ್ಲ ದುಂಬಿಗಳೂ ಹೀಗಲ್ಲ. ಹೊಳೆಯುವ ಹಸಿರಿನ ರತ್ನದುಂಬಿಗಳ ಬಣ್ಣವೂ ಪದರಗಳ ಆಟವೇ, ಆದರೆ ಅವುಗಳ ಪದರಗಳು ಗಟ್ಟಿ. ಮೊಗಲರ ಕಾಲದಲ್ಲಿ ಆ ರೆಕ್ಕೆಗವಚಗಳನ್ನು ಬಟ್ಟೆಗೆ ಹೊಲಿದು ಕಸೂತಿ ಮಾಡುತ್ತಿದ್ದರು. ಅಂಥ ಹಳೆಯ ಬಟ್ಟೆಗಳಲ್ಲಿ ಹಸಿರು ಇಂದಿಗೂ ಮಾಸಿಲ್ಲ. ಕೊಡತಿ ಹುಳದ ಕಣ್ಣಿನ ಬಣ್ಣ, ದನಗಳಿಗೆ ಕಚ್ಚುವ ದೊಡ್ಡ ನೊಣದ ಕಣ್ಣಿನ ಹಸಿರು-ಕೆಂಪು ಪಟ್ಟೆ ಇವೆಲ್ಲ ಜೀವದೊಡನೆಯೇ ಹೋಗುವಂಥವು. ಹಾಗಾಗಿ "ಜೀವ ಇದ್ದರೆ ಇಂಥ ಚಿತ್ರ ಬರುವುದಿಲ್ಲ" ಎಂಬ ಮಾತನ್ನು ತಿರುಗಿಸಿಯೂ ಹೇಳಬಹುದು: ಜೀವ ಹೋದರೆ ಬಾರದ ಚಿತ್ರಗಳೂ ಇವೆ.

ಈ ಪೇಚಾಟ ನಮ್ಮ ಕಾಲದ್ದಷ್ಟೇ ಅಲ್ಲ. 1665ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಹುಕ್ ಎಂಬ ವಿಜ್ಞಾನಿ ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟ, ಹೇನು, ನೊಣದ ಕಣ್ಣು ಮುಂತಾದವನ್ನು ದೊಡ್ಡದಾಗಿ ಚಿತ್ರಿಸಿ 'ಮೈಕ್ರೋಗ್ರಾಫಿಯಾ' ಎಂಬ ಗ್ರಂಥ ಹೊರತಂದ. ಕಣ್ಣಿಗೆ ಕಾಣದಷ್ಟು ಚಿಕ್ಕದನ್ನು ಗೋಡೆಯಷ್ಟು ದೊಡ್ಡದಾಗಿ ತೋರಿಸುವ ಬೆರಗಿನ ಪರಂಪರೆ ಅಲ್ಲಿಂದಲೇ ಎನ್ನಬಹುದು. ಅವನಿಗೆ ಅತಿ ಹೆಚ್ಚು ಕಾಟ ಕೊಟ್ಟದ್ದು ಇರುವೆ. ಕಾಲುಗಳನ್ನು ಮೇಣಕ್ಕೋ ಅಂಟಿಗೋ ಸಿಕ್ಕಿಸಿದರೆ ಮೈ ತಿರುಚುತ್ತಿತ್ತು. ಕೊಂದರೆ ಆಕಾರವೇ ಕೆಡುತ್ತಿತ್ತು. ಕೊನೆಗೆ ಅವನು ಇರುವೆಗೆ ಬ್ರಾಂದಿಯ ಸ್ನಾನ ಮಾಡಿಸಿದ. ಅದು ಅಮಲೇರಿ ಬಿದ್ದುಕೊಂಡಿತು, ಅವನು ನೋಡಿ ಚಿತ್ರಿಸಿದ. ಸುಮಾರು ಒಂದು ತಾಸಿನ ಬಳಿಕ ಇರುವೆ ಎದ್ದು ಓಡಿಹೋಯಿತು ಎಂದು ಅವನೇ ಬರೆದಿದ್ದಾನೆ. ಮುನ್ನೂರ ಅರವತ್ತು ವರ್ಷಗಳ ಹಿಂದೆ, ವಿದ್ಯುತ್ತೂ ಇಲ್ಲದ ಕಾಲದಲ್ಲಿ, ಇರುವೆಯನ್ನು ಎದ್ದು ಹೋಗಲು ಬಿಟ್ಟವನಿದ್ದ. ನನಗೆ ಐದು ನಿಮಿಷದ ನೆನಪೂ ಉಳಿಯಲಿಲ್ಲ.

ಇಷ್ಟೊಂದು ಅಲುಗಾಟದ ಭಯ ಏಕೆ ಎಂಬುದನ್ನು ಕ್ಯಾಮೆರಾ ಹಿಡಿಯದ ಓದುಗರಿಗಾಗಿ ಹೇಳಬೇಕು. ಫಿಲ್ಮಿನ ಮೇಲೆ, ಈಗಿನ ಕ್ಯಾಮೆರಾಗಳಲ್ಲಿ ಅದರ ಜಾಗದಲ್ಲಿರುವ ಸಂವೇದಕದ ಮೇಲೆ, ಹುಳದ ಬಿಂಬ ಹುಳದಷ್ಟೇ ದೊಡ್ಡದಾಗಿ ಬಿದ್ದರೆ ಅದು ಮ್ಯಾಕ್ರೋ ಛಾಯಾಗ್ರಹಣ. ಬಿಂಬ ಹುಳಕ್ಕಿಂತ ಎರಡು, ಐದು, ಹತ್ತು ಪಟ್ಟು ದೊಡ್ಡದಾದರೆ ಅತಿ-ಮ್ಯಾಕ್ರೋ. ಹಿಗ್ಗಿಸಿದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕುಗ್ಗುತ್ತದೆ. ಐದು ಪಟ್ಟಿನಲ್ಲಿ ಲೆನ್ಸಿನ ಬಾಯಿ ಪೂರ್ತಿ ತೆರೆದಿದ್ದರೆ ಆ ಆಳ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗವೂ ಇರುವುದಿಲ್ಲ. ಕಣ್ಣು ಸ್ಪಷ್ಟವಾದರೆ ಮೀಸೆ ಮಂಜು, ಮೀಸೆ ಸ್ಪಷ್ಟವಾದರೆ ಕಣ್ಣು ಮಂಜು. ಬಾಯಿ ಕಿರಿದು ಮಾಡಿದರೆ ಆಳ ಹೆಚ್ಚುತ್ತದೆ, ಆದರೆ ಇಕ್ಕಟ್ಟಿನಲ್ಲಿ ನುಸುಳುವ ಬೆಳಕು ಚದುರಿ ಇಡೀ ಚಿತ್ರವೇ ಮಂಕಾಗುತ್ತದೆ. ಇದು ಭೌತವಿಜ್ಞಾನದ ಕಟ್ಟಳೆ, ದುಬಾರಿ ಲೆನ್ಸು ಕೊಂಡರೂ ತಪ್ಪುವುದಿಲ್ಲ. ಹಾಗಾಗಿ ಕ್ಯಾಮೆರಾವನ್ನು ಕೂದಲೆಳೆಗಿಂತ ಕಡಿಮೆ ದೂರ ಮುಂದೆ ಸರಿಸುತ್ತ ಹತ್ತಾರು, ನೂರಾರು ಚಿತ್ರ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನಷ್ಟೇ ಆಯ್ದು ಕಂಪ್ಯೂಟರಿನಲ್ಲಿ ಪದರ ಪದರವಾಗಿ ಜೋಡಿಸುತ್ತಾರೆ. ನಡುವೆ ಹುಳ ಒಂದು ಕಾಲು ಎತ್ತಿದರೂ ಎಲ್ಲ ವ್ಯರ್ಥ. ಹುಳಕ್ಕೆ ಸಾವು ಬರುವುದು ಈ ಜೋಡಣೆಯ ದಾರಿಯಲ್ಲಿ.

ಜೋಡಣೆಯನ್ನೇ ನಾನು ದೂರುತ್ತಿಲ್ಲ. ಇಂಗ್ಲೆಂಡಿನ ಲೆವನ್ ಬಿಸ್ ಎಂಬ ಛಾಯಾಗ್ರಾಹಕ 2016ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಕೃತಿ ವಸ್ತುಸಂಗ್ರಹಾಲಯದಲ್ಲಿ ಇಂಥ ಚಿತ್ರಗಳ ಪ್ರದರ್ಶನ ಏರ್ಪಡಿಸಿದ್ದರು. ಒಂದೊಂದು ಕೀಟಕ್ಕೂ ಎಂಟರಿಂದ ಹತ್ತು ಸಾವಿರ ಚಿತ್ರಗಳು. ಕೀಟದ ಮೈಯನ್ನು ಸುಮಾರು ಮೂವತ್ತು ಭಾಗ ಮಾಡಿ ಪ್ರತಿ ಭಾಗಕ್ಕೂ ಪ್ರತ್ಯೇಕ ಬೆಳಕು. ಒಂದು ಚಿತ್ರ ಸಿದ್ಧವಾಗಲು ವಾರಗಟ್ಟಲೆ ಕೆಲಸ. ಆದರೆ ಆ ಕೀಟಗಳು ಅದೇ ಸಂಗ್ರಹಾಲಯದ ಪೆಟ್ಟಿಗೆಗಳಲ್ಲಿ ಮೊದಲೇ ಇದ್ದವು. ಚಿತ್ರಕ್ಕೆಂದು ಯಾವುದನ್ನೂ ಕೊಂದಿರಲಿಲ್ಲ, ಸತ್ತದ್ದನ್ನು ಬದುಕಿದ್ದು ಎಂದು ತೋರಿಸಲೂ ಇಲ್ಲ. ಆ ಕೆಲಸದ ಬಗ್ಗೆ ನನಗೆ ಗೌರವವಿದೆ.

ನಮ್ಮ ಪೇಟೆಯ ಪ್ರದರ್ಶನದಲ್ಲಿ ನನ್ನನ್ನು ಚುಚ್ಚಿದ್ದು ಆ ಪ್ರಾಮಾಣಿಕತೆ ಇಲ್ಲದ್ದು. ವನ್ಯಜೀವಿ ಎಂಬ ಫಲಕದ ಕೆಳಗೆ ಸತ್ತ ಹುಳ ಜೀವಂತ ಹುಲಿಯ ಪಕ್ಕ ತೂಗುತ್ತಿತ್ತು. ಸತ್ತ ಹುಲಿಯನ್ನು ನಿಲ್ಲಿಸಿ ಚಿತ್ರ ತೆಗೆದು ತಂದಿದ್ದರೆ ಸಂಘಟಕರು ಒಪ್ಪುತ್ತಿದ್ದರೇ? ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ಪ್ರಖ್ಯಾತ ಸ್ಪರ್ಧೆಯಲ್ಲಿ 2017ರಲ್ಲಿ ಬಹುಮಾನ ಪಡೆದ ಒಂದು ಚಿತ್ರವನ್ನು 2018ರಲ್ಲಿ ಅನರ್ಹಗೊಳಿಸಿದರು. ಬ್ರೆಜಿಲಿನ ಹುಲ್ಲುಗಾವಲಿನಲ್ಲಿ, ರಾತ್ರಿ ಹೊತ್ತು ಹಸಿರು ದೀಪಗಳಿಂದ ಮಿನುಗುವ ಹುತ್ತದ ಬಳಿ ನಿಂತ ಇರುವೆಬಾಕದ ಚಿತ್ರ ಅದು. ಆ ಇರುವೆಬಾಕ ಹುಲ್ಲು ತುಂಬಿದ ಬೊಂಬೆಯೆಂದು ತಜ್ಞರು ತೀರ್ಮಾನಿಸಿದರು, ಛಾಯಾಗ್ರಾಹಕ ಒಪ್ಪಲಿಲ್ಲ. ಎಲ್ಲರ ಚರ್ಚೆಯೂ ಇರುವೆಬಾಕದ ಸುತ್ತಲೇ ನಡೆಯಿತು. ಹುತ್ತದ ಆ ಹಸಿರು ದೀಪಗಳು ಒಂದು ಬಗೆಯ ದುಂಬಿಯ ಮರಿಗಳು, ಬೆಳಕು ತೋರಿಸಿ ಗೆದ್ದಲಿನಂಥ ಹಾರುವ ಹುಳಗಳನ್ನು ಹತ್ತಿರ ಕರೆದು ತಿನ್ನುವಂಥವು, ಎಂಬುದನ್ನು ನೆನೆದವರು ಕಡಿಮೆ.

ಇನ್ನು "ಒಂದು ಹುಳ ಅಲ್ಲವೇ" ಎಂಬ ಪ್ರಶ್ನೆ. ಲೆಕ್ಕದ ದೃಷ್ಟಿಯಿಂದ ಹುಡುಗನ ಮಾತಿನಲ್ಲಿ ಸತ್ಯವಿದೆ. ನಮ್ಮ ಅಂಗಳದ ಒಂದು ದೀಪಕ್ಕೆ ಒಂದು ಮಳೆಗಾಲದ ರಾತ್ರಿ ಬಿದ್ದು ಸಾಯುವ ಹುಳಗಳೆಷ್ಟು? ತೋಟಕ್ಕೆ ಹೊಡೆಯುವ ಔಷಧಿಗೆ ಎಷ್ಟು? ಫ್ರೀಜರಿನ ಒಂದು ಹುಳದಿಂದ ಒಂದು ಸಂತತಿ ನಾಶವಾಗದು. ಆದರೆ ಹುಳದ ಬೆನ್ನುಹತ್ತಿ ಬರುವ ಹಾನಿಯನ್ನು ನೋಡಿ. ಹೊಸ ಬಗೆಯ ದುಂಬಿ ಬೇಕೆಂದು ಒಣಮರದ ತೊಗಟೆ ಸುಲಿಯುತ್ತಾರೆ, ಲಡ್ಡಾದ ದಿಮ್ಮಿಯನ್ನು ಒಡೆಯುತ್ತಾರೆ, ಕಲ್ಲು ಮಗುಚಿ ಹಾಗೇ ಬಿಟ್ಟು ಹೋಗುತ್ತಾರೆ. ಯುರೋಪಿನ ಕೊಂಬುದುಂಬಿಯ ಮರಿ ಮಣ್ಣಿನಡಿಯ ಕೊಳೆತ ಮರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬೆಳೆದು, ಕೆಲವೇ ವಾರ ಹಾರಾಡಿ ಸಾಯುತ್ತದೆ. ಅಂಥದ್ದರ ಮನೆ ಒಂದು ದಿಮ್ಮಿ. ಸುಲಿದ ತೊಗಟೆಯನ್ನು ಮರಕ್ಕೆ ಮತ್ತೆ ಹೊದಿಸಲು ಯಾರಿಗೂ ಬರುವುದಿಲ್ಲ.

ಇನ್ನೊಂದು ನಷ್ಟ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಜರ್ಮನಿಯ ಕ್ರೆಫೆಲ್ಡ್ ಎಂಬ ಊರಿನ ಹವ್ಯಾಸಿ ಕೀಟಾಸಕ್ತರು 63 ಸಂರಕ್ಷಿತ ತಾಣಗಳಲ್ಲಿ ಒಂದೇ ಬಗೆಯ ಬಲೆ ಕಟ್ಟಿ, ಹಾರುವ ಕೀಟಗಳನ್ನು ಹಿಡಿದು ತೂಗುತ್ತ ಬಂದರು. 27 ವರ್ಷಗಳಲ್ಲಿ ಆ ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದಿದೆ ಎಂಬ ಲೆಕ್ಕ 2017ರಲ್ಲಿ ಪ್ರಕಟವಾದಾಗ ಜಗತ್ತು ಬೆಚ್ಚಿತು. ಗಮನಿಸಿ, ಅವರೂ ಹುಳಗಳನ್ನು ಕೊಂದರು. ಒಂದಲ್ಲ, ಬಾಟಲಿಗಟ್ಟಲೆ. ಆದರೆ ಪ್ರತಿ ಬಾಟಲಿಗೂ ತಾರೀಖು ಇತ್ತು, ಜಾಗದ ಹೆಸರಿತ್ತು. ಆ ಸಾವುಗಳು ಸಾಕ್ಷಿಯಾದವು. ಕಾಲೇಜಿನ ಗೋಡೆಯ ಮೂತಿಹುಳು ಯಾವುದಕ್ಕೂ ಸಾಕ್ಷಿಯಲ್ಲ. ಎಲ್ಲಿಯದೆಂದು ತಿಳಿಯದ, ಯಾವಾಗಿನದೆಂದು ತಿಳಿಯದ, ಯಾವ ಎಲೆ ತಿನ್ನುತ್ತಿತ್ತೆಂದು ತಿಳಿಯದ ಹುಳ ಅದು.

ನಮ್ಮೂರಿನ ಬೆಟ್ಟದ ಬಗ್ಗೆ ನನ್ನ ಬಳಿ ಇರುವುದು ನೆನಪು ಮಾತ್ರ. ನಾನು ಹುಡುಗನಾಗಿದ್ದಾಗ ಮೊದಲ ಮಳೆಯ ರಾತ್ರಿ ಕಂದೀಲಿನ ಗಾಜು ಕಾಣದಷ್ಟು ಹುಳ ಮುತ್ತುತ್ತಿತ್ತು. ಬೆಳಿಗ್ಗೆ ಅಮ್ಮ ಜಗುಲಿಯಿಂದ ರೆಕ್ಕೆಗಳನ್ನು ಗುಡಿಸಿ ಮೊರದಲ್ಲಿ ತುಂಬುತ್ತಿದ್ದಳು. ಈಗ ಅಷ್ಟಿಲ್ಲ. ಎಷ್ಟು ಕಡಿಮೆಯಾಗಿದೆ, ಯಾವುದು ಕಡಿಮೆಯಾಗಿದೆ ಎಂದು ಯಾರಾದರೂ ಕೇಳಿದರೆ ತೋರಿಸಲು ಒಂದು ಚೀಟಿಯೂ ನನ್ನಲ್ಲಿಲ್ಲ. ನಮ್ಮ ಭಾಷೆಯಲ್ಲಿ ಎಲ್ಲರ ಬಾಯಲ್ಲಿ ಹೆಸರಿರುವ ದುಂಬಿಗಳನ್ನು ಲೆಕ್ಕ ಹಾಕಿ ನೋಡಿ: ಅಡಿಕೆಯ ಬೇರುಹುಳ, ಕಾಫಿಯ ಕಾಂಡಕೊರಕ, ತೆಂಗಿನ ಕುರುವಾಯಿ, ಕೆಂಪು ಮೂತಿಹುಳು. ನಷ್ಟ ಮಾಡಿದವುಗಳಿಗೆ ನಾವು ಬೇಗ ಹೆಸರಿಟ್ಟೆವು. ಜತೆಗೆ ಗುಲಗಂಜಿ ಹುಳ, ಸಗಣಿ ಹುಳ, ಮಿಂಚುಹುಳು. ಮಿಂಚುಹುಳುವೂ ದುಂಬಿಯೇ ಎಂದರೆ ನಂಬದ ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ಪ್ರತಿ ವರ್ಷ ಇರುತ್ತಿದ್ದರು. ಜಗತ್ತಿನಲ್ಲಿ ವಿಜ್ಞಾನ ಹೆಸರಿಟ್ಟ ದುಂಬಿಗಳೇ ಮೂರೂವರೆ ಲಕ್ಷಕ್ಕಿಂತ ಹೆಚ್ಚು. ಬೆಟ್ಟಕ್ಕೆ ಯಾವುದಾದರೂ ಯೋಜನೆ ಬಂದಾಗ ಅದರ ಪರಿಸರ ವರದಿಯನ್ನು ತಿರುವಿ ನೋಡಿ. ನಾನು ಓದಿದ ಒಂದೆರಡರಲ್ಲಿ ಆನೆ, ಚಿರತೆ, ಹಕ್ಕಿಗಳಿಗೆ ಪುಟಗಳಿದ್ದವು; ಕೀಟಗಳೆಲ್ಲ ಸೇರಿ ಒಂದು ಸಾಲಿನಲ್ಲಿ ಮುಗಿದಿದ್ದವು. ಆ ಸಾಲು ತಪ್ಪೆಂದು ವಾದಿಸಲು ನಮ್ಮ ಕೈಯಲ್ಲಿ ದಾಖಲೆ ಬೇಕು. ಆ ದಾಖಲೆಯನ್ನು ಮಾಡಬಲ್ಲ ಉಪಕರಣ ಇಂದು ನಮ್ಮ ಹುಡುಗ ಹುಡುಗಿಯರ ಕೈಯಲ್ಲಿದೆ. ಅದನ್ನು ಅವರು ಫ್ರೀಜರಿನ ಮುಂದೆ ನಿಲ್ಲಿಸಿಕೊಂಡಿದ್ದಾರೆ ಎಂಬುದೇ ನನ್ನ ಸಂಕಟ.

ಚಿತ್ರದಿಂದ ಏನು ಸಾಧ್ಯ ಎಂಬುದಕ್ಕೆ ಮಲೇಷ್ಯಾದ ಒಂದು ನಿದರ್ಶನ ಇದೆ. ಅಲ್ಲಿನ ಸೆಲಂಗೋರ್ ರಾಜ್ಯದ ಕಾಡಿನಲ್ಲಿ ಗುಯೆಕ್ ಹಾಕ್ ಪಿಂಗ್ ಎಂಬ ಛಾಯಾಗ್ರಾಹಕ ಬಲೆಯಂಥ ರೆಕ್ಕೆಗಳ ಒಂದು ಹಸಿರು ಕೀಟದ ಚಿತ್ರ ತೆಗೆದು, ಅದನ್ನು ಹಾರಿಹೋಗಲು ಬಿಟ್ಟರು. ಅವರು ಅಂತರಜಾಲದಲ್ಲಿ ಹಾಕಿದ ಚಿತ್ರ ಅಮೆರಿಕದ ಕೀಟವಿಜ್ಞಾನಿ ಶಾನ್ ವಿಂಟರ್‌ಟನ್ ಅವರ ಕಣ್ಣಿಗೆ ಬಿತ್ತು. ರೆಕ್ಕೆಯ ಬುಡದ ಕಪ್ಪು-ನೀಲಿ ಗುರುತು ಅವರು ಹಿಂದೆಂದೂ ಕಾಣದ್ದು. ಮಾದರಿ ಇದೆಯೇ ಎಂದು ಕೇಳಿದರು, ಇರಲಿಲ್ಲ. ಸುಮಾರು ಒಂದು ವರ್ಷದ ನಂತರ ಅದೇ ಜಾಗದಲ್ಲಿ ಆ ಕೀಟ ಮತ್ತೆ ಸಿಕ್ಕಿದಾಗ ಒಂದನ್ನು ಹಿಡಿದು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕಳುಹಿಸಿದರು. 2012ರಲ್ಲಿ ಸೆಮಾಕ್ರೈಸಾ ಜೇಡ್ ಎಂಬ ಹೊಸ ಜೀವಜಾತಿ ಪ್ರಕಟವಾಯಿತು. ಇಲ್ಲಿಯೂ ಕೊನೆಗೆ ಒಂದು ಮಾದರಿ ಬೇಕಾಯಿತು ಎಂಬುದನ್ನು ಮರೆಮಾಚುವುದು ಬೇಡ. ಆದರೆ ಮತ್ತೆ ಹುಡುಕಲು ಸಾಧ್ಯವಾದದ್ದು ಮೊದಲು ಕಂಡ ಜಾಗ ಅವರ ನೆನಪಿನಲ್ಲಿ ಇದ್ದುದರಿಂದ.

ಕಾಯ್ದೆಯ ಮಾತನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿ ಇಲ್ಲದೆ ಒಂದು ಹುಳವನ್ನೂ ತರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. 2008ರಲ್ಲಿ ಡಾರ್ಜಿಲಿಂಗ್ ಬಳಿಯ ಸಿಂಗಲೀಲಾ ಉದ್ಯಾನದ ಆಸುಪಾಸಿನಲ್ಲಿ ಚಿಟ್ಟೆ, ದುಂಬಿಗಳನ್ನು ಸಂಗ್ರಹಿಸುತ್ತಿದ್ದ ಇಬ್ಬರು ಚೆಕ್ ಪ್ರಜೆಗಳನ್ನು ಬಂಧಿಸಿ, ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಪು ನೀಡಿತು. ಅಪರೂಪದ ದುಂಬಿಗಳಿಗೆ ಹೊರಗೆ ಮಾರುಕಟ್ಟೆ ಇದೆ. ಆದ್ದರಿಂದ ಅಂಥದ್ದು ಸಿಕ್ಕರೆ ಊರಿನ ಹೆಸರು ಬರೆಯಿರಿ. ಯಾವ ಮರ, ಯಾವ ದಿಮ್ಮಿ ಎಂಬುದನ್ನು ನಿಮ್ಮ ನೋಟುಪುಸ್ತಕದಲ್ಲಿ ಮಾತ್ರ ಇಟ್ಟುಕೊಳ್ಳಿ.

ಪ್ರದರ್ಶನ ನಡೆಸುವವರಲ್ಲಿ ನನ್ನ ಕೋರಿಕೆ ಚಿಕ್ಕದು. ಪ್ರತಿ ಕೀಟಚಿತ್ರದ ಕೆಳಗೆ ಕ್ಯಾಮೆರಾದ ಹೆಸರಿನ ಬದಲು ಊರು, ತಾರೀಖು, ಗಿಡದ ಹೆಸರು ಬರೆಸಿ. ಹುಳ ಜೀವಂತವಾಗಿತ್ತೇ, ತಣ್ಣಗಾಗಿಸಿದ್ದೇ, ಸತ್ತದ್ದೇ ಎಂಬುದನ್ನೂ ಬರೆಸಿ. ಸತ್ತದ್ದಾದರೆ ಅದನ್ನು ಬೇರೆ ಗೋಡೆಗೆ ಹಾಕಿ, ನಮ್ಮ ಅಭ್ಯಂತರವಿಲ್ಲ. ಬಹುಮಾನ ಕೊಡುವಾಗ ಸ್ಪಷ್ಟತೆಯೊಂದನ್ನೇ ಅಳೆಯಬೇಡಿ.

ಹಾಗಾದರೆ ಜೀವಂತ ಹುಳವನ್ನು ಅಲುಗದಂತೆ ಕೂರಿಸುವುದು ಹೇಗೆ? ಇದಕ್ಕೆ ಉತ್ತರ ಗೊತ್ತಾಗಲು ನನಗೆ ಹಲವು ವರ್ಷ ಹಿಡಿಯಿತು, ಗೊತ್ತಾದ ಮೇಲೆ ನಾಚಿಕೆಯಾಯಿತು. ನಮ್ಮ ಬೆಟ್ಟಕ್ಕೆ ತನ್ನದೇ ಫ್ರಿಜ್ಜು ಇದೆ. ಕಾರ್ತಿಕ ಕಳೆದು ಚಳಿ ಬಿದ್ದ ಮೇಲೆ ಬೆಳಿಗ್ಗೆ ಆರೂವರೆಗೆ ಬ್ಯಾಣಕ್ಕೆ ಹೋಗಿ ನೋಡಿ. ಹುಲ್ಲಿನ ತುದಿಯಲ್ಲಿ, ಲಂಟಾನದ ಕಡ್ಡಿಯಲ್ಲಿ, ಗೆಣಸಿನ ಎಲೆಯ ಅಡಿಯಲ್ಲಿ ಹುಳಗಳು ಇಬ್ಬನಿ ಹೊದ್ದು ಮರಗಟ್ಟಿ ಕೂತಿರುತ್ತವೆ. ಅವುಗಳ ಮೈಗೆ ತನ್ನದೇ ಬಿಸಿ ಇಲ್ಲ. ಸೂರ್ಯ ಬಂದು ಕಾಯಿಸುವವರೆಗೆ ರೆಕ್ಕೆ ಬಿಚ್ಚಲಾರವು. ಬಿಸಿಲು ಆ ಎಲೆಗೆ ತಲುಪುವವರೆಗಿನ ಅರ್ಧ ತಾಸು ನಿಮ್ಮದು. ಎಡಗೈಯಲ್ಲಿ ಕಡ್ಡಿಯನ್ನು ಮೆಲ್ಲಗೆ ಹಿಡಿದು ಅದೇ ಕೈಯ ಮೇಲೆ ಲೆನ್ಸನ್ನು ಊರಿದರೆ ಹುಳವೂ ಕ್ಯಾಮೆರಾವೂ ಒಟ್ಟಿಗೆ ಅಲುಗುತ್ತವೆ, ಅಂದರೆ ಅಲುಗುವುದೇ ಇಲ್ಲ. ಉಸಿರು ಹಿಡಿದು ತುಸುತುಸುವೇ ಮುಂದೆ ಬಾಗುತ್ತ ಐದಾರು ಚಿತ್ರ ತೆಗೆದರೆ ಜೋಡಿಸಲು ಸಾಕು. ನೂರ ನಲವತ್ತು ಬೇಡ. ಫ್ಲಾಷ್ ಇದ್ದರೆ ಅದರ ಮುಂದೆ ಬಿಳಿ ಕಾಗದವನ್ನೋ ತೊಳೆದ ಹಾಲಿನ ಪೊಟ್ಟಣವನ್ನೋ ಕಟ್ಟಿ. ಇಲ್ಲದಿದ್ದರೆ ದುಂಬಿಯ ಬೆನ್ನಿನ ಮೇಲೆ ಬೆಳಕು ಬಿಳಿ ಕಲೆಯಾಗಿ ಕೂರುತ್ತದೆ. ಹಳೆಯ ಲೆನ್ಸು ತಿರುಗಿಸಿ ಹಾಕುವ ಉಂಗುರ ಇಂದಿಗೂ ಅಗ್ಗ. ಅದೂ ಇಲ್ಲದವರು ಮೊಬೈಲಿಗೆ ಸಿಕ್ಕಿಸುವ ಚಿಕ್ಕ ಲೆನ್ಸಿನಿಂದ ಆರಂಭಿಸಬಹುದು.

ಹೀಗೆ ತೆಗೆದ ಚಿತ್ರ ಗೋಡೆಯ ಆ ಮೂತಿಹುಳುವಿನಷ್ಟು ತೀಕ್ಷ್ಣವಾಗಿರುವುದಿಲ್ಲ, ನಿಜ. ಆದರೆ ಫ್ರೀಜರು ಎಂದೂ ತೋರಿಸದ್ದನ್ನು ಅದು ತೋರಿಸುತ್ತದೆ. ಆ ಬಂಗಾರದ ಹುಳದ ಮರಿಯನ್ನೇ ತೆಗೆದುಕೊಳ್ಳಿ. ಅದು ತನ್ನ ಹಿಕ್ಕೆಯನ್ನೂ ಕಳಚಿದ ಹಳೆಯ ಚರ್ಮವನ್ನೂ ಬಾಲದ ಕವಲಿಗೆ ಸಿಕ್ಕಿಸಿಕೊಂಡು, ಮಳೆಗೆ ನಾವು ಕಂಬಳಿಕೊಪ್ಪೆ ಹಾಕಿಕೊಂಡಂತೆ ಬೆನ್ನ ಮೇಲೆ ಹೊದ್ದಿರುತ್ತದೆ. ಇರುವೆ ಹತ್ತಿರ ಬಂದರೆ ಆ ಕೊಪ್ಪೆಯನ್ನು ಅತ್ತ ತಿರುಗಿಸಿ ಅಡ್ಡ ಹಿಡಿಯುತ್ತದೆ. ಬ್ರಷ್ಷಿನಿಂದ ಧೂಳು ತೆಗೆಯುವ ಛಾಯಾಗ್ರಾಹಕ ಮೊದಲು ಮಾಡುವ ಕೆಲಸವೇ ಆ ಕೊಪ್ಪೆಯನ್ನು ಕೊಳೆಯೆಂದು ಕಿತ್ತುಹಾಕುವುದು.

ಪ್ರದರ್ಶನವಾಗಿ ಎರಡು ವಾರಕ್ಕೆ ಆ ಯುವಕ ನಮ್ಮ ಮನೆಗೆ ಬಂದ. ಬಯ್ಯಿಸಿಕೊಳ್ಳಲು ಬಂದವನಂತೆ ಜಗುಲಿಯ ಅಂಚಿನಲ್ಲಿ ಕೂತ. ನಾನು ಬಯ್ಯಲಿಲ್ಲ. ನನ್ನ ಹಳೆಯ ಬೆಂಕಿಪೆಟ್ಟಿಗೆಯ ಕಥೆ ಹೇಳಿದೆ, ಕಾಫಿ ಕೊಟ್ಟೆ, ಮರುದಿನ ಬೆಳಕು ಹರಿಯುವ ಮೊದಲು ಬರಲು ಹೇಳಿದೆ. ಬಂದ. ನಮ್ಮ ಪಕ್ಕದ ಮನೆಯ, ಒಂಬತ್ತನೆಯ ತರಗತಿಯ ಹುಡುಗಿಯೂ ಅಪ್ಪನ ಮೊಬೈಲು ಹಿಡಿದು ಜತೆಗೂಡಿದಳು. ಗೆಣಸಿನ ಬಳ್ಳಿಯಲ್ಲಿ ಒಂದು ಬಂಗಾರದ ಹುಳ ಇತ್ತು, ಇಬ್ಬನಿಯ ಎರಡು ಹನಿ ಅದರ ಬೆನ್ನ ಮೇಲೆ. ಅವನು ದೊಡ್ಡ ಕ್ಯಾಮೆರಾದಲ್ಲಿ ಏಳು ಚಿತ್ರ ತೆಗೆದ. ಎಂಟನೆಯದಕ್ಕೆ ಬಿಸಿಲು ಬಂತು, ಹುಳ ಹಾರಿತು. ಏಳರಲ್ಲಿ ನಾಲ್ಕು ಜೋಡಿಸಲು ಬಂದವಂತೆ. ಒಂದು ಮೀಸೆ ಎರಡಾಗಿ ಕಾಣುತ್ತದೆ ಎಂದು ಅವನಿಗೆ ಅಸಮಾಧಾನವಿದೆ.

ಹುಡುಗಿಯ ಚಿತ್ರದಲ್ಲಿ ಹುಳ ಅರ್ಧ ಮಂಜು. ಆದರೆ ಅದರ ಪಕ್ಕದ ಎಲೆಯಲ್ಲಿ ಕೊಪ್ಪೆ ಹೊದ್ದ ಮರಿಯೊಂದಿತ್ತು. ಅದನ್ನು ನಾವಿಬ್ಬರೂ ನೋಡಿರಲಿಲ್ಲ, ಅವಳು ನೋಡಿದ್ದಳು. ನೋಟುಪುಸ್ತಕದಲ್ಲಿ ತಾರೀಖು ಬರೆದು, ಗೆಣಸು ಎಂದು ಬರೆದು, ಮುಂದೆ "ಮರಿ 1, ದೊಡ್ಡದು 1, ದೊಡ್ಡದು 7 ಗಂಟೆ 10 ನಿಮಿಷಕ್ಕೆ ಹಾರಿತು" ಎಂದು ಬರೆದುಕೊಂಡಿದ್ದಾಳೆ.